ಒಂದು ಬಿಲಕ್ಕೆ ಒಬ್ಬಳೇ ಒಡತಿ

ನಮ್ಮ ಮನೆಯಲ್ಲಿ ಕಚ್ಚುವ ಹುಳುಗಳಿಗೆಲ್ಲ ಇದ್ದದ್ದು ಒಂದೇ ಹೆಸರು: ಕಡಜ. ಹಳದಿ ಇದ್ದರೂ ಕಡಜ, ಕಪ್ಪು ಇದ್ದರೂ ಕಡಜ, ಯಾರನ್ನೂ ಕಚ್ಚದೆ ತನ್ನ ಪಾಡಿಗೆ ತಾನು ಹಾರಿಹೋದರೂ ಕಡಜವೇ. ಈ ಹೆಸರಿಟ್ಟವರು ನಮ್ಮ ಯಜಮಾನರು. ಅದಕ್ಕೊಂದು ಕಾರಣವೂ ಇತ್ತೆನ್ನಿ. ಮದುವೆಯಾದ ಹೊಸತರಲ್ಲಿ ಅವರು ಗೋದಾಮಿನಲ್ಲಿ ಹತ್ತಿ ತುಂಬಿದ ಅಂಡಿಗೆ ಸರಿಸುವಾಗ ಸಂದಿಯಲ್ಲಿದ್ದ ಕಡಜದ ಗೂಡು ಒಡೆದು, ಇಡೀ ಸಂಸಾರ ಇವರ ಮುಖಕ್ಕೆ ಮುತ್ತಿಕೊಂಡಿತ್ತು. ಅಂದು ಸಂಜೆ ಬಾಗಿಲು ಬಡಿದಾಗ ನಾನು ತೆಗೆದು, "ಯಾರು ಬೇಕಾಗಿತ್ರಿ?" ಎಂದು ಕೇಳಿದ್ದೆ. ಅಷ್ಟು ಬಾತಿತ್ತು ಮುಖ. ಆ ನೋವನ್ನೂ ಅವರು ಮರೆಯಲಿಲ್ಲ, ನನ್ನ ಆ ಪ್ರಶ್ನೆಯನ್ನೂ ಮರೆಯಲಿಲ್ಲ.

ನಾವಿರುವುದು ವಿದ್ಯಾನಗರದ ಒಳಗಿನ ಒಂದು ಓಣಿಯಲ್ಲಿ. ನಾವು ಬಂದಾಗ ಇಲ್ಲಿನ ಪ್ರತಿ ಮನೆಗೂ ಹಿತ್ತಲಿತ್ತು, ಹಿತ್ತಲಲ್ಲಿ ಮಣ್ಣಿತ್ತು. ಆಮೇಲೆ ಒಬ್ಬರ ಮನೆ ನೋಡಿ ಇನ್ನೊಬ್ಬರು ಸಿಮೆಂಟಿನ ಕಲ್ಲು ಹಾಸಿಸುತ್ತ ಬಂದರು. ಕೆಸರಿಲ್ಲ, ಕಸವಿಲ್ಲ, ನೀರು ಹೊಡೆದರೆ ಕ್ಷಣದಲ್ಲಿ ಸ್ವಚ್ಛ ಎಂದು ಎಲ್ಲರೂ ಹೊಗಳಿಕೊಂಡರು. ಕೊನೆಗೆ ಓಣಿಯಲ್ಲಿ ಮಣ್ಣಿನ ಹಿತ್ತಲು ಉಳಿದದ್ದು ನಮ್ಮದೊಂದೇ. ಅಲ್ಲಿ ನನ್ನ ಬದನೆ ಸಾಲು, ಮೆಂತ್ಯದ ಮಡಿ, ತುಳಸಿ, ಗೋಡೆಗೆ ಹಬ್ಬಿದ ಹೀರೆ ಬಳ್ಳಿ. ಮುಂದಿನ ಕೋಣೆ ಯಜಮಾನರದು, ಅವರ ವ್ಯಾಪಾರದ ಮಂದಿಯದು. ದೇವರ ಮನೆ ಅತ್ತೆಯದು. ಅಡುಗೆಮನೆ ನನ್ನದೆಂದು ಎಲ್ಲರೂ ಹೇಳುತ್ತಾರೆ, ಆದರೆ ಅಲ್ಲಿ ಏನು ಬೇಯಬೇಕೆಂದು ತೀರ್ಮಾನಿಸುವವರು ಬೇರೆಯವರು. ಹಿತ್ತಲು ಮಾತ್ರ ಪೂರ್ತಿ ನನ್ನದು. ಅದನ್ನು ಕಳೆದುಕೊಂಡರೆ ನನಗೆ ಆ ಮನೆಯಲ್ಲಿ ನಿಲ್ಲಲು ಜಾಗವೇ ಇಲ್ಲ ಅನ್ನಿಸುತ್ತಿತ್ತು. ಈ ಮಾತು ಯಾರಿಗಾದರೂ ಹೇಳಿದರೆ ನಗುತ್ತಾರೆಂದು ಹೇಳಿರಲಿಲ್ಲ, ಅಷ್ಟೇ.

ಆ ವರ್ಷ ಶ್ರಾವಣದ ಹೊತ್ತಿಗೆ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಬದನೆ ಸಾಲಿನ ಪಕ್ಕ ಏನೂ ಬೆಳೆಯದ ಗಟ್ಟಿ ನೆಲದ ಒಂದು ತುಂಡಿದೆ. ಒಂದು ದಿನ ನೋಡಿದರೆ ಅಲ್ಲಿ ಸಣ್ಣಸಣ್ಣ ಬಿಲಗಳು. ಪೆನ್ಸಿಲು ತೂರಿಸಿ ತೆಗೆದಷ್ಟು ದುಂಡಗೆ, ಪಕ್ಕದಲ್ಲಿ ರವೆಯಂಥ ಮಣ್ಣಿನ ಗುಪ್ಪೆ. ಹುಳುಗಳು ಒಳಗೆ ಹೋಗುತ್ತಿದ್ದವು, ಹೊರಗೆ ಬರುತ್ತಿದ್ದವು. ನಾನು ಸುಮ್ಮನಿದ್ದೆ. ಆದರೆ ಯಜಮಾನರು ಕೈ ತೊಳೆಯಲು ಹಿಂದಿನ ಬಾಗಿಲಿಗೆ ಬಂದವರು ನೋಡಿಯೇಬಿಟ್ಟರು.

"ನೋಡು, ನೆಲದಾಗಿಂದ ಕಡಜ ಏಳಾಕತ್ತಾವ," ಎಂದರು, ಹೊಸ್ತಿಲ ಒಳಗೇ ನಿಂತು. "ಇವತ್ತ ಹಿತ್ತಲಾ, ನಾಳೆ ಅಡಗಿಮನಿ. ಸಾಕಾತು. ಕಲ್ಲು ಹಾಸಿಸಿಬಿಡ್ತೇನಿ."

"ಅವು ಕಡಜ ಅಲ್ಲರಿ."

"ಮತ್ತೇನು?"

"ಜೇನು," ಎಂದೆ. ನನಗೇನೂ ಗೊತ್ತಿರಲಿಲ್ಲ. ಅವರು ಕಡಜ ಅಂದರಲ್ಲ, ಅದಕ್ಕೇ ಜೇನು ಅಂದೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ತಿಳಿವಳಿಕೆ ಹಿಂದಿನಿಂದ ನಡೆದುಕೊಂಡು ಬರುತ್ತದೆ.

ಅವರು ವಾದ ಮಾಡಲಿಲ್ಲ. ವ್ಯಾಪಾರಸ್ಥರು; ವಾದ ಮಾಡುವ ಹೊತ್ತಿನಲ್ಲಿ ಕೆಲಸ ಮುಗಿಸುವ ಜಾತಿ. ಮರುದಿನವೇ ಸಿಮೆಂಟ್ ಕಲ್ಲು ಬಂದು ಗೇಟಿನ ಪಕ್ಕ ಗೋಡೆಯಂತೆ ನಿಂತವು. ಅದರ ಮರುದಿನ ಗಬ್ಬೂರ ಕಡೆಯ ಮೇಸ್ತ್ರಿ ಕಾಕಾ ಗುದ್ದಲಿ ಹೆಗಲಿಗಿಟ್ಟುಕೊಂಡು ಬಂದರು. ನಮ್ಮ ಅಂಗಡಿಯ ನೆಲ ಮಾಡಿಕೊಟ್ಟವರೂ ಅವರೇ. ಒಳ್ಳೆಯ ಮನುಷ್ಯ, ಬಿಳಿ ಗಡ್ಡ, ಮೆಲುಮಾತು. ಅವರ ಮೇಲೆ ಸಿಟ್ಟು ಮಾಡಲು ಏನೂ ಸಿಗಲಿಲ್ಲವೆಂದು ನನಗೆ ಇನ್ನೂ ಸಿಟ್ಟು ಬಂತು.

ಗುದ್ದಲಿ ನೆಲಕ್ಕೆ ತಾಗಿದ ಸದ್ದಿಗೆ ದೇವರ ಮನೆಯಿಂದ ಅತ್ತೆ ಎದ್ದು ಬಂದರು. ಎಂಬತ್ತು ದಾಟಿದ ಜೀವ. ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಬೆಕ್ಕಿನದು.

"ಯಾರಪಾ ಅದು, ಪಂಚಮಿ ಮುಂದಿಟಗೊಂಡು ನೆಲಕ್ಕ ಗುದ್ದಲಿ ಹಾಕೋರು?"

ಯಜಮಾನರು ತಲೆ ಕೆರೆದುಕೊಂಡರು. ನಮ್ಮ ಕಡೆ ನಾಗರ ಪಂಚಮಿಯ ದಿನಗಳಲ್ಲಿ ನೆಲ ಅಗೆಯುವುದಿಲ್ಲ. ಹೊಲದಲ್ಲಿ ಕುಂಟೆ ಹೂಡುವುದಿಲ್ಲ, ರೊಟ್ಟಿ ಹಬ್ಬದ ರೊಟ್ಟಿ ಬೇಯಿಸಿಟ್ಟ ಮೇಲೆ ಮನೆಯಲ್ಲಿ ಹಂಚು ಒಲೆಗೇರಿಸುವುದಿಲ್ಲ. ನೆಲದೊಳಗೆ ನಾಗಪ್ಪ ಇರುತ್ತಾನೆ, ಅವನ ಮಕ್ಕಳು ಇರುತ್ತಾರೆ, ಆಯುಧ ತಾಗಬಾರದು. ಪಂಚಮಿಯ ಸಾಲು ಶುರುವಾಗುವ ಆ ರೊಟ್ಟಿ ಹಬ್ಬಕ್ಕೆ ಒಂದು ದಿನವಷ್ಟೇ ಬಾಕಿ ಇತ್ತು. ಅವರು ಹೇಳಿದರು, "ಅವ್ವಾ, ಹಬ್ಬಾ ಇನ್ನೂ ಚಾಲೂ ಆಗಿಲ್ಲ."

"ಚಾಲೂ ಆಗೂದು ನಾಗಪ್ಪಗ ಗೊತ್ತಿರತೈತಿ, ನಿನಗಲ್ಲ."

ಮೇಸ್ತ್ರಿ ಕಾಕಾ ಆಗಲೇ ಗುದ್ದಲಿಯನ್ನು ಹೆಗಲಿಗೇರಿಸಿದ್ದರು. "ಅಮ್ಮಾರು ಹೇಳೂದು ಖರೇ ಐತ್ರಿ ಸಾಹುಕಾರ. ನಮ್ಮ ಓಣ್ಯಾಗೂ ಈ ದಿನದಾಗ ಯಾರೂ ಅಗಿಯೂದಿಲ್ರಿ. ಹಬ್ಬಾ ಮುಗದ ಮರುದಿನ ಬರ್ತೇನ್ರಿ."

ಅವರು ಹೋದ ಮೇಲೆ ಯಜಮಾನರು ನನ್ನ ಕಡೆ ತಿರುಗಿದರು. ನಾನು ನಗುತ್ತಿದ್ದೆನೇನೋ. ಅದು ಅವರಿಗೆ ತಾಗಿತು.

"ಖುಷಿ ಪಡಬ್ಯಾಡ. ಹಬ್ಬಾ ಮುಗಿಯೂತನ ಟೈಮ್ ಐತಿ ನಿನಗ. ಅವು ಕಡಜ ಅಲ್ಲಂತ ನನ್ನ ಕಣ್ಣಿಗೆ ಕಾಣಂಗ ತೋರಸು, ಹಿತ್ತಲಾ ನಿನಗ ಬಿಟ್ಟೆ. ಮತ್ತ ಯಾವತ್ತೂ ಕಲ್ಲಿನ ಮಾತು ತಗಿಯೂದಿಲ್ಲ. ತೋರಸಾಕ ಆಗಲಿಲ್ಲಂದ್ರ, ಕಲ್ಲು ಹಾಸೂಮುಂದ ನೀ ತುಟಿ ಪಿಟ್ ಅನ್ನಬಾರದು."

"ಅನ್ನೂದಿಲ್ಲ," ಎಂದೆ. ಹಟಕ್ಕೆ ಬಿದ್ದವಳಿಗೆ ಕರಾರು ಓದಿ ನೋಡುವ ತಾಳ್ಮೆ ಎಲ್ಲಿಂದ ಬರಬೇಕು?

ರೊಟ್ಟಿ ಹಬ್ಬದ ದಿನ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ಬೇಯಿಸಿ, ಪಲ್ಯ ಮಾಡಿ, ಮಧ್ಯಾಹ್ನ ಒಂದು ಮಣೆ ತೆಗೆದುಕೊಂಡು ಬಿಲಗಳ ಪಕ್ಕ ಕೂತೆ. ಬಿಸಿಲು ಬಿದ್ದಾಗ ಹುಳುಗಳು ಬರುತ್ತಿದ್ದವು, ಮೋಡ ಕವಿದರೆ ಮಾಯವಾಗುತ್ತಿದ್ದವು. ಸ್ವಲ್ಪ ಹೊತ್ತಿಗೆ ಒಂದು ದುಂಡನೆಯ ಹುಳು ಬಂದು ಬಿಲದ ಬಾಯಲ್ಲಿ ಕೂತಿತು. ಹಿಂಗಾಲಿಗೆ ಅರಿಸಿನ ಮೆತ್ತಿದಂತೆ ಪರಾಗ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಸಿಟ್ಟಿಗೆ ಆಡಿದ ಮಾತು ನಿಜವಾಗಿತ್ತಲ್ಲ. ಅಲ್ಲೇ ಕೂತು ಕೂಗಿದೆ, "ಬರ್ರಿ ಇಲ್ಲೆ. ಕಾಲಾಗ ಹೂವಿನ ಪುಡಿ ಹೊತಗೊಂಡು ಬಂದೈತಿ. ಕಡಜ ಹೂವಿನ ಪುಡಿ ತರತಾವೇನು?"

ಅವರು ವೃತ್ತಪತ್ರಿಕೆಯನ್ನು ಮುಖದ ಮುಂದೆ ಹಿಡಿದುಕೊಂಡು ಹೊಸ್ತಿಲಿಗೆ ಬಂದರು. ಅಷ್ಟರಲ್ಲಿ ನನ್ನ ದುಂಡನೆಯ ಹುಳು ಒಳಗೆ ಹೋಗಿಬಿಟ್ಟಿತ್ತು. ಅದರ ಜಾಗಕ್ಕೆ, ನನ್ನ ದುರದೃಷ್ಟಕ್ಕೆ, ಇನ್ನೊಂದು ಬಂತು. ಉದ್ದ ಮೈ, ದಾರದಂಥ ಸೊಂಟ, ಕೆಂಪು ಹೊಟ್ಟೆ. ತನಗಿಂತ ದಪ್ಪನೆಯ ಹಸಿರು ಕಂಬಳಿಹುಳುವೊಂದನ್ನು ಕಾಲ ಮಧ್ಯೆ ಹಿಡಿದು ನೆಲದ ಮೇಲೆ ದರದರ ಎಳೆದುಕೊಂಡು ಬರುತ್ತಿತ್ತು.

ಯಜಮಾನರು ಪತ್ರಿಕೆ ಕೆಳಗಿಳಿಸಿದರು. "ಜೇನು ಯಾವಾಗಿಂದ ಮಟನ್ ತಿನ್ನಾಕತ್ತಾವ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋದರು. ನಮ್ಮದು ಬೆಳ್ಳುಳ್ಳಿಯನ್ನೂ ಸೋಮವಾರ ಮುಟ್ಟದ ಮನೆ. ಅವರು ಒಳಗೆ ನಗುತ್ತಿದ್ದುದು ನನಗೆ ಕೇಳಿಸಿತು. ಮುಖಕ್ಕೆ ಮಂಗಳಾರತಿ ಆದಂತಾಗಿತ್ತು.

ಆ ಅವಮಾನವೇ ನನ್ನನ್ನು ಸರಿಯಾಗಿ ನೋಡುವಂತೆ ಮಾಡಿತು. ಅವರು ಎಲ್ಲವನ್ನೂ ಕಡಜ ಎಂದಿದ್ದರು, ನಾನು ಎಲ್ಲವನ್ನೂ ಜೇನು ಎಂದಿದ್ದೆ. ಇಬ್ಬರೂ ಒಂದೇ ತಪ್ಪು ಮಾಡಿದ್ದೆವು. ಒಂದು ನೆಲಕ್ಕೆ ಒಂದೇ ಹೆಸರು ಸಾಕೆಂದುಕೊಂಡಿದ್ದೆವು. ಮರುದಿನದಿಂದ ನಾನು ಹೆಸರಿಡುವುದನ್ನು ಬಿಟ್ಟು ಅವು ಮಾಡುವ ಕೆಲಸವನ್ನು ನೋಡತೊಡಗಿದೆ. ಫೋನಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದೆ. ಅಂಥವೇ ಬೇರೆ ಚಿತ್ರಗಳನ್ನು ಹುಡುಕಿ ಪಕ್ಕದಲ್ಲಿಟ್ಟು ಹೋಲಿಸಿದೆ, ಅವುಗಳ ಬಗ್ಗೆ ಬರೆದದ್ದನ್ನೂ ಓದಿದೆ. ತುಂತುರು ಬಂದರೆ ಒಂದು ಕೈಯಲ್ಲಿ ಛತ್ರಿ. ಉಂಡಿಯ ಪಾಕ ಒಲೆಯ ಮೇಲಿಟ್ಟು ಬಂದು ಕೂತು ಒಮ್ಮೆ ಅದನ್ನು ಕಲ್ಲಾಗಿಸಿದೆ. ಆ ಉಂಡಿಗಳನ್ನು ಒಡೆಯಲು ಕಲಬತ್ತಿನಲ್ಲಿ ಹಾಕಿ ಕುಟ್ಟಬೇಕಾಯಿತು.

ಮೈಮೇಲೆ ರೋಮ ಇದ್ದದ್ದು ಜೇನಿನ ಕಡೆಯದು. ಹತ್ತಿರದಿಂದ ನೋಡಿದರೆ ಶಾಲು ಹೊದ್ದಂತೆ ಕಾಣುತ್ತದೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳು, ಇಳಕಲ್ ಸೀರೆಯ ಅಂಚಿನ ಹಾಗೆ. ಇವು ನೇರ ಹಾರುವುದಿಲ್ಲ. ಒಂದು ಕಡೆ ಗಾಳಿಯಲ್ಲೇ ನಿಂತು, ತಟಕ್ಕನೆ ಇನ್ನೊಂದು ಕಡೆ ಹೋಗಿ ನಿಲ್ಲುತ್ತವೆ. ನನ್ನ ಬದನೆ ಹೂವಿಗೆ ಬಂದು ಜೋತುಬಿದ್ದು ಅವು ಮೈ ನಡುಗಿಸಿದಾಗ ಝುಂಯ್ ಎನ್ನುವ ಸದ್ದು ಏರುತ್ತದೆ, ಹೂವಿನಿಂದ ಪುಡಿ ಉದುರುತ್ತದೆ. ನಮ್ಮ ಮುಳಗಾಯಿ, ಅಂದರೆ ಬದನೆಕಾಯಿ, ಇಷ್ಟು ಚೆನ್ನಾಗಿ ಬಿಡುವುದು ನನ್ನ ಗೊಬ್ಬರದಿಂದ ಎಂದು ನಾನು ಓಣಿಯೆಲ್ಲ ಹೇಳಿಕೊಂಡು ತಿರುಗಿದ್ದೆ. ಸಂಜೆ ಇವುಗಳ ಗಂಡುಗಳು ತುಳಸಿ ಕಡ್ಡಿಯನ್ನು ಬಾಯಿಂದ ಕಚ್ಚಿ ಸಾಲಾಗಿ ಜೋತುಬಿದ್ದು ಮಲಗುತ್ತವೆ. ಬಿಲ ತೋಡುವುದು, ಪುಡಿ ಹೊರುವುದು ಎಲ್ಲ ಹೆಣ್ಣಿನದು. ಗಂಡಿಗೆ ಮನೆಯೂ ಇಲ್ಲ, ಮುಳ್ಳೂ ಇಲ್ಲ. ಇದನ್ನು ಮಾತ್ರ ನಾನು ಯಜಮಾನರಿಗೆ ಊಟಕ್ಕೆ ಬಡಿಸುವಾಗ ಬೇಕೆಂದೇ ಎರಡು ಸಲ ಹೇಳಿದೆ.

ಸಣ್ಣ ಸೊಂಟದ್ದು ಬೇರೆ. ಅದರ ಮೈ ನುಣುಪು, ರೋಮವಿಲ್ಲ, ಕಾಲಿಗೆ ಪುಡಿಯಿಲ್ಲ. ಅದು ಬಿಲ ತೋಡಿ, ಬಾಯಿ ಮುಚ್ಚಿ, ಆಮೇಲೆ ಬೇಟೆಗೆ ಹೋಗುತ್ತದೆ. ಕಡಜದ ಕುಲದ್ದೇ. ಯಜಮಾನರು ಅಷ್ಟರ ಮಟ್ಟಿಗೆ ಸರಿ, ಒಪ್ಪಲೇಬೇಕು. ಆದರೆ ಗೋದಾಮಿನ ಕಡಜಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ. ಅದು ಗುಂಪಾಗಿ ಒಂದೇ ಗೂಡಿನಲ್ಲಿ ಬದುಕುತ್ತದೆ. ಗೂಡು ಮುಟ್ಟಿದರೆ ಎಲ್ಲವೂ ಒಟ್ಟಿಗೆ ಬೀಳುತ್ತವೆ. ಇದು ಒಂಟಿ. ಇದಕ್ಕೆ ಕಾಯಲು ಸೈನ್ಯವಿಲ್ಲ, ಮನುಷ್ಯರ ಮೇಲೆ ಬೀಳಲು ಪುರುಸೊತ್ತೂ ಇಲ್ಲ. ನನ್ನ ಹಿತ್ತಲಲ್ಲಿ ಒಂದು ಬಿಲಕ್ಕೆ ಒಬ್ಬಳೇ ಒಡತಿ. ಇದೇ ನಾನು ತೋರಿಸಬೇಕಾದದ್ದು. ಆದರೆ ಹೊಸ್ತಿಲು ದಾಟದ ಗಂಡಸಿಗೆ ತೋರಿಸುವುದು ಹೇಗೆ?

ಪಂಚಮಿಯ ಹಿಂದಿನ ಸಂಜೆ ಉಪಾಯ ಹೊಳೆಯಿತು. ಮುಂದಿನ ಕೋಣೆಯ ಶೋಕೇಸಿನಲ್ಲಿ ನಮ್ಮ ಮದುವೆಗೆ ಬಂದ ಗಾಜಿನ ಗ್ಲಾಸುಗಳಿದ್ದವು. ಬೀಗರು ಬಂದಾಗ ಮಾತ್ರ ಇಳಿಸುವಂಥವು. ಎಲ್ಲವನ್ನೂ ಸೆರಗಿನಲ್ಲಿ ಹಾಕಿಕೊಂಡು ಹಿತ್ತಲಿಗೆ ಹೋದೆ. ಹುಳುಗಳೆಲ್ಲ ಮನೆ ಸೇರುವ ಹೊತ್ತು. ಕಣ್ಣಿಗೆ ಬಿದ್ದ ಒಂದೊಂದು ಬಿಲದ ಮೇಲೂ ಒಂದೊಂದು ಗ್ಲಾಸು ಬೋರಲು ಹಾಕಿದೆ, ಗಾಳಿಯಾಡಲು ಅಂಚಿನಡಿ ಸಣ್ಣ ಕಡ್ಡಿ ಸಿಗಿಸಿದೆ. ಬೆಳಿಗ್ಗೆ ಹೊರಬರುವವರು ಗಾಜಿನಲ್ಲೇ ಸಿಗಬೇಕು. ಗೂಡಿದ್ದರೆ ಗ್ಲಾಸು ತುಂಬಬೇಕು. ಒಂಟಿಯಾದರೆ ಒಂದೇ ಇರಬೇಕು.

ಬೆಳಿಗ್ಗೆ ಅತ್ತೆ ನಾಗಪ್ಪನಿಗೆ ಹಾಲೆರೆದು, ಜೋಳದ ಅಳ್ಳು, ತಂಬಿಟ್ಟು ಇಟ್ಟು ಏಳುವ ಹೊತ್ತಿಗೆ ಬಿಸಿಲು ಹಿತ್ತಲಿಗೆ ಇಳಿಯಿತು. ಪಕ್ಕದ ಮನೆಯವರು ಉಂಡಿ ತಿನ್ನಲು ಬಂದಿದ್ದರು. ಯಜಮಾನರು ಶೋಕೇಸಿನ ಮುಂದೆ ನಿಂತು ಹುಡುಕುತ್ತಿದ್ದರು. "ಗ್ಲಾಸು ಎಲ್ಲಿ ಹೋದ್ವು?"

"ಹಿತ್ತಲಾಗ ಅದಾವ. ಬಂದು ತಗೋರ್ರಿ."

ಅವರು ಬಂದರು; ಎಂದಿನಂತೆ ಹೊಸ್ತಿಲಿನ ಒಳಗೇ. ಅಲ್ಲಿಂದಲೇ ಕಂಡಿತು. ಬಿಸಿಲಿಗೆ ಹೊಳೆಯುವ ಗ್ಲಾಸುಗಳು, ಒಂದರಲ್ಲಿ ಒಂದು ನೀಲಿ ಪಟ್ಟೆಯದು ಗಾಜಿಗೆ ತಲೆ ಕೊಟ್ಟು ಗುಂಯ್‌ಗುಟ್ಟುತ್ತಿತ್ತು. ಪಕ್ಕದ್ದರಲ್ಲಿ ಇನ್ನೊಂದು, ಒಂದೇ. ಅದರಾಚೆಯದರಲ್ಲೂ ಒಂದೇ. ಕೆಲವು ಖಾಲಿ. ಎರಡು ಇದ್ದದ್ದು ಒಂದೂ ಇಲ್ಲ. ನಾನು ರಾತ್ರಿಯೆಲ್ಲ ಹಾಸಿಗೆಯಲ್ಲಿ ಹೊರಳಾಡಿದ್ದು ಸಾರ್ಥಕವಾಯಿತು.

"ಕಡಜ ಆಗಿದ್ರ ಗ್ಲಾಸು ಗಿಜಿಗಿಜಿ ಅಂತಿತ್ತಲ್ರಿ? ನೀವ ಹೇಳ್ರಿ, ಅವತ್ತ ಗೋದಾಮಿನ್ಯಾಗ ನಿಮ್ಮ ಮಾರಿಗೆ ಎಷ್ಟ ಬಂದಿದ್ವು?"

"ಲೆಕ್ಕಾ ಮಾಡಾಕ ನಾ ಏನ್ ಅಲ್ಲೇ ನಿಂತಿದ್ನೇನು?" ಎಂದರು. ಆದರೆ ದೃಷ್ಟಿ ಗ್ಲಾಸುಗಳ ಮೇಲೇ ಇತ್ತು. ನಾನು ಒಂದು ಗ್ಲಾಸು ಎತ್ತಿದೆ. ಹುಳು ನನ್ನ ಕೈಯ ಪಕ್ಕದಲ್ಲೇ ಏರಿ, ಗಾಳಿಯಲ್ಲಿ ಒಂದು ಕ್ಷಣ ನಿಂತು, ಬದನೆ ಹೂವಿಗೆ ಹೋಯಿತು. ಇನ್ನೊಂದು ಎತ್ತಿದೆ. ಅದೂ ಹೋಯಿತು. ನನ್ನ ಕಡೆ ತಿರುಗಿ ನೋಡಿದ್ದು ಒಂದೂ ಇಲ್ಲ.

ಅವರು ಬಹಳ ಹೊತ್ತು ಗಲ್ಲ ಉಜ್ಜಿಕೊಂಡರು. ಕೊನೆಗೆ ಹೇಳಿದರು, "ಅರ್ಧಾ ಒಪ್ಪಿದೆ. ನೀಲಿ ಪಟ್ಟೀವು ಜೇನು. ಆದ್ರ ಖಾಲಿ ಇದ್ವಲ್ಲ, ಅವು ಯಾರ ಮನಿ? ಆ ಹುಳಾ ಎಳಕೊಂಡ ಬರೂದು ಎಲ್ಲಿ? ಅದು ಜೇನಂತೂ ಅಲ್ಲ."

"ಅಲ್ಲ. ಅದು ಕಡಜದ ಪೈಕಿನ. ರಾತ್ರಿ ಬಿಲದಾಗ ಇರೂದಿಲ್ಲ. ಆದ್ರ ಒಂಟಿ."

"ಪೈಕಿ ಅಂದ್ಯಲ್ಲ? ಮುಗೀತು," ಎಂದು ಗ್ಲಾಸುಗಳನ್ನು ತೊಳೆದು ಕೊಡಲು ಹೇಳಿ ಹೋದರು. ಅರ್ಧ ಗೆಲುವು ಎಂದರೆ ನನಗೆ ಪೂರ್ತಿ ಸೋಲಿಗಿಂತ ಕಷ್ಟ. ಕಲ್ಲು ಅರ್ಧ ಹಾಸುವುದಿಲ್ಲವಲ್ಲ.

ಆ ಮಧ್ಯಾಹ್ನ ಅತ್ತೆ ಹಿತ್ತಲಿನ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಶೇಂಗಾ ಉಂಡಿ ಪುಡಿ ಮಾಡಿ ತಿನ್ನುತ್ತಿದ್ದರು. ಅವರ ಕಾಲ ಹತ್ತಿರವೇ ಸಣ್ಣ ಸೊಂಟದ್ದು ಹಸಿರು ಹುಳು ಎಳೆದುಕೊಂಡು ಬಂತು. ಮಂಜು ಕಣ್ಣಿಗೂ ಅದು ಕಂಡಿರಬೇಕು, ಬಾಗಿ ನೋಡಿದರು. ಉಂಡಿಯನ್ನು ಪಕ್ಕಕ್ಕಿಟ್ಟು ಕೈಮುಗಿದರು.

"ಏ ತಂಗಿ, ಇದು ಕುಂಡಲಿ ಹುಳಾ ಅಲಾ? ಇದನ್ನ ನೋಡಬೇಕಂತ ಎಷ್ಟ ವರ್ಷದಿಂದ ಅನಕೊಂಡಿದ್ದೆ," ಎಂದರು. ಮಠದ ಪ್ರವಚನದಲ್ಲಿ ಬಾಲ್ಯದಿಂದ ಕೇಳಿದ ಕಥೆ ಅವರದು: ಕುಂಡಲಿ ಹುಳು ಗುರುವಿದ್ದಂತೆ. ಎಲೆ ತಿನ್ನುವ ಕೀಡೆಯನ್ನು ಹಿಡಿದು ತಂದು, ಗೂಡಿನಲ್ಲಿಟ್ಟು, ಅದರ ಕಿವಿಯಲ್ಲಿ ಮಂತ್ರ ಊದುತ್ತದೆ. ಕೀಡೆ ಗುರುವನ್ನೇ ನೆನೆದು ನೆನೆದು ಕೊನೆಗೆ ತಾನೂ ಕುಂಡಲಿಯಾಗಿ ಹಾರಿ ಬರುತ್ತದೆ. ಅವರು ಒಳಗಿದ್ದ ಮಗನನ್ನು ಕರೆದರು. ಹೊಸ್ತಿಲಿಗೆ ಬಂದವನಿಗೆ ಬೆರಳು ತೋರಿಸಿ ಕೇಳಿದರು, "ಗುರುವಿನ ಮ್ಯಾಲ ಕಲ್ಲು ಹಾಸಸ್ತಿಯೇನೊ?"

ತಾಯಿಯ ಮಾತಿಗೆ ಎದುರಾಡುವವರಲ್ಲ ಯಜಮಾನರು. ಹಿತ್ತಲು ಉಳಿಯಿತು, ಬಾಯಿ ಮುಚ್ಚಿಕೊಂಡು ಕೂರು ಎಂದು ನನ್ನ ಬುದ್ಧಿ ಹೇಳಿತು. ಆದರೆ ಇಷ್ಟು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದವಳು ನಾನು. ಅದು ಊದುವುದು ಮಂತ್ರವಲ್ಲವೆಂದು ನನಗೆ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದವಳಂತೆ ಗೆಲ್ಲುವುದು ನನ್ನಿಂದಾಗಲಿಲ್ಲ. ಅಂಥ ಗೆಲುವು ನನಗೆ ಜೀರ್ಣವಾಗುವುದಿಲ್ಲ.

"ಅತ್ತಿ, ಅದು ಮಂತ್ರ ಊದೂದಿಲ್ಲರಿ. ಮುಳ್ಳು ಚುಚ್ಚತೈತಿ. ಹುಳಾ ಸಾಯೂದಿಲ್ಲ, ಅಳ್ಳಾಡೂದೂ ಇಲ್ಲ. ಅದರ ಮ್ಯಾಲ ಒಂದ ತತ್ತಿ ಇಟ್ಟು ಬಿಲಾ ಮುಚ್ಚತೈತಿ. ಮರಿ ಹೊರಗ ಬಂದು ಆ ಹುಳಾನ ತಿಂದು ಬೆಳಿತೈತಿ. ಹಾರಿ ಬರೂದು ಕುಂಡಲಿ ಮರಿನ ರಿ, ಕೀಡಿ ಅಲ್ಲ."

ಯಜಮಾನರ ಮುಖದಲ್ಲಿ ಮೆಲ್ಲಗೆ ನಗು ಹುಟ್ಟುವುದು ಕಂಡಿತು. ನನ್ನ ಕೈಯಿಂದಲೇ ನನ್ನ ಕಾಲಿಗೆ ಕೊಡಲಿ ಬಿದ್ದಿತ್ತು. ಅತ್ತೆ ಉಂಡಿಯ ಪುಡಿಯನ್ನು ಬಾಯಿಗೆ ಹಾಕಿಕೊಂಡು ನಿಧಾನ ಅಗಿದರು.

"ಪೂರಾ ತಿಂತೈತೇನು?"

"ಪೂರಾ ತಿಂತೈತ್ರಿ."

"ಮತ್ತ ಅದ ಅಲಾ," ಎಂದರು. "ಇಷ್ಟ ವರ್ಷ ಪ್ರವಚನಾ ಕೇಳೇನಿ, ಆ ಕೀಡಿ ಎಲ್ಲಿ ಹೋತು ಅಂತ ಒಬ್ಬರೂ ಹೇಳಿದ್ದಿಲ್ಲ. ಈಗ ತಿಳೀತು. ಪೂರಾ ತಿಂದ ಮ್ಯಾಲನ ಶಿಷ್ಯಾ ಗುರು ಆಗೂದು. ಅರ್ಧಾ ಉಳದ್ರ ಇಬ್ಬರಿಗೂ ತ್ರಾಸು."

ನಾನು ಅವರ ಮುಖವನ್ನೇ ನೋಡಿದೆ. ಈ ಮನೆಗೆ ಬಂದು ಇಷ್ಟು ವರ್ಷವಾಗಿ, ಈ ಮುದುಕಿಯನ್ನು ಎತ್ತಿ ಮುದ್ದಾಡಬೇಕೆನ್ನಿಸಿದ್ದು ಅಂದೇ ಮೊದಲು. ಆದರೆ ಯಜಮಾನರು ಸುಲಭಕ್ಕೆ ಬಿಡುವ ಗಿರಾಕಿಯಲ್ಲ. "ಗುರುವಿಗೆ ಮುಳ್ಳ ಐತೆಂತ ನಿನ್ನ ಸೊಸಿನ ಹೇಳಿದ್ಲವ್ವಾ. ನನ್ನ ಕಣ್ಣಿಗೆ ತೋರಸಂದಿದ್ದೆ. ತೋರಸಲಿ," ಎಂದು ಒಳಗೆ ಹೋದರು. ಕರಾರು ಕರಾರೇ. ನನಗೆ ಒಳಗೊಳಗೇ ಮೆಚ್ಚುಗೆಯೂ ಆಯಿತು.

ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಮೇಸ್ತ್ರಿ ಕಾಕಾ ಹೇಳಿದಂತೆ ಬಂದರು. ಆಕಾಶ ಮುಸುಕಿತ್ತು, ಬಿಲಗಳ ಹತ್ತಿರ ಒಂದು ಹುಳುವೂ ಇರಲಿಲ್ಲ. ಕಾಕಾಗೆ ಚಹಾ ಕೊಟ್ಟೆ, ಉಂಡಿ ಕೊಟ್ಟೆ, ಇನ್ನೊಂದು ಉಂಡಿ ಕೊಟ್ಟೆ. ಅವರ ಮನೆಯವರ ಮಂಡಿನೋವು ವಿಚಾರಿಸಿದೆ. ಮತ್ತೆ ಚಹಾ ಇಟ್ಟೆ. "ಅವರ ಹೊಟ್ಟಿ ಒಡಿಸಿ ಕೆಲಸಾ ನಿಲ್ಲಸಬೇಕಂತ ಮಾಡೀಯೇನು?" ಎಂದು ಯಜಮಾನರು ಕೇಳಿದರು. ಆಗ ಮೋಡ ಹರಿಯಿತು. ಕಾಕಾ ಗುದ್ದಲಿ ಹಿಡಿದು ಬದನೆ ಸಾಲಿನ ಕಡೆ ಹೊರಟರು, ನಾನು ಅವರ ಮುಂದೆ ಮುಂದೆ ಹೋಗಿ ಬಿಲಗಳ ಹತ್ತಿರ ನಿಂತೆ. ಯಜಮಾನರು ಹೊಸ್ತಿಲಲ್ಲಿ.

ಬಿಸಿಲು ನೆಲಕ್ಕೆ ಬಿದ್ದು ಸ್ವಲ್ಪ ಹೊತ್ತಿಗೆ ಸಣ್ಣ ಸೊಂಟದ್ದು ಬಂತು. ಹಸಿರು ಹುಳುವನ್ನು ಒಳಗೆ ಸೆಳೆದುಕೊಂಡು ಹೋಗಿ, ಸ್ವಲ್ಪ ತಡೆದು ಹೊರಬಂದು, ಮಣ್ಣು ಕೆರೆದು ಕೆರೆದು ಬಿಲದ ಬಾಯಿಗೆ ತುಂಬಿತು. ಆಮೇಲೆ ಅತ್ತಿತ್ತ ಓಡಾಡಿ ಒಂದು ಸಣ್ಣ ಹರಳನ್ನು ಆರಿಸಿ ಬಾಯಲ್ಲಿ ಹಿಡಿಯಿತು. ಆ ಹರಳಿನಿಂದ ಮಣ್ಣನ್ನು ಕುಟ್ಟತೊಡಗಿತು. ಮೈಯೆಲ್ಲ ಝೇಂಕರಿಸುತ್ತ, ತಲೆ ಮೇಲೆ ಕೆಳಗೆ ಮಾಡುತ್ತ, ಕುಟ್ಟಿತು, ಸರಿಯಿತು, ಮತ್ತೆ ಕುಟ್ಟಿತು. ಇದನ್ನು ನಾನೂ ಅಲ್ಲಿಯತನಕ ಕಂಡಿರಲಿಲ್ಲ.

ಮೇಸ್ತ್ರಿ ಕಾಕಾ ಗುದ್ದಲಿಯನ್ನು ನೆಲಕ್ಕಿಟ್ಟು ಕುಕ್ಕರುಗಾಲಲ್ಲಿ ಕೂತರು. "ಸಾಹುಕಾರ, ಇದು ದಿಮ್ಮಸು ಹಾಕಾಕತ್ತೈತ್ರ್ಯೋ," ಎಂದರು. ಕಲ್ಲು ಹಾಸುವ ಮೊದಲು ಮಣ್ಣನ್ನು ಬಡಿದು ಗಟ್ಟಿ ಮಾಡುವುದಕ್ಕೆ ದಿಮ್ಮಸು ಎನ್ನುತ್ತಾರೆ. ಜೀವಮಾನವೆಲ್ಲ ಅವರು ಮಾಡಿದ ಕೆಲಸ ಅದೇ.

"ಏನ ಹಾಕಾಕತ್ತೈತಿ?"

"ದಿಮ್ಮಸು. ಕಲ್ಲ ಹಿಡಕೊಂಡು ಬಡಿಯಾಕತ್ತೈತ್ರಿ. ನನ್ನ ಆಳುಗೋಳ ಇಷ್ಟ ಛಲೋ ಬಡಿಯೂದಿಲ್ರಿ."

"ಹುಳಾ ಕಲ್ಲ ಹಿಡಿತೈತೇನ ಕಾಕಾ? ಹಬ್ಬದ ನಶಾ ಇನ್ನೂ ಇಳಿದಿಲ್ಲೇನ ನಿಮಗ?"

"ಬಂದು ನೋಡ್ರಲಾ."

ನಾನು ಕರೆಯಲಿಲ್ಲ. ಕರೆದಿದ್ದರೆ ಅವರು ಬರುತ್ತಿರಲಿಲ್ಲವೆಂದು ನನಗೆ ಗೊತ್ತು. ಬೆನ್ನು ತಿರುಗಿಸಿಕೊಂಡೇ ನಿಂತೆ. ಹಿಂದೆ ಮೆಟ್ಟಿಲ ಮೇಲೆ ಒಂದು ಹೆಜ್ಜೆ ಕೇಳಿಸಿತು. ನಿಂತಿತು. ಇನ್ನೊಂದು ಹೆಜ್ಜೆ. ಆಮೇಲೆ ಬರಿಗಾಲು ಹಸಿ ಮಣ್ಣಿಗೆ ಊರಿದ ಸದ್ದು. ಯಜಮಾನರು ನಮ್ಮಿಬ್ಬರ ನಡುವೆ ಬಂದು, ಧೋತರ ಮೊಣಕಾಲಿಗೆ ಎತ್ತಿಕೊಂಡು ಬಗ್ಗಿದರು. ಹುಳು ತನ್ನ ಪಾಡಿಗೆ ತಾನು ಕುಟ್ಟುತ್ತಿತ್ತು.

ಅವರು ಹೇಳಿದರು, "ಹಗೇವಿನ ಬಾಯಿ ಮುಚ್ಚಿದಂಗ ಮುಚ್ಚಾಕತ್ತೈತಲ್ಲ." ಅವರ ಹಳೆಯ ಮನೆಯಲ್ಲಿ ಜೋಳ ತುಂಬಿಡುವ ನೆಲದೊಳಗಿನ ಹಗೇವು ಇತ್ತು. ಜೋಳ ಸುರಿದು, ಮೇಲೆ ಒಣ ದಂಟಿನ ಕಣಿಕೆ ಹಾಸಿ, ಮಣ್ಣು ಹಾಕಿ ಬಡಿದು ಮುಚ್ಚುತ್ತಿದ್ದರಂತೆ. "ನಮ್ಮಪ್ಪ ಹಿಂಗ ಬಡಿಸ್ತಿದ್ದ. ನಡಕ ನಡಕ ನಿಂತು ಕಾಲಿಲೆ ಒತ್ತಿ ನೋಡಾಂವ. ಬಾಯಿ ಎಲ್ಲೈತಿ ಅಂತ ಹೊರಗಿನವರಿಗೆ ಗೊತ್ತಾಗಬಾರದು."

ಹುಳು ಹರಳನ್ನು ಬಿಟ್ಟಿತು. ಒಂದೆರಡು ಒಣ ಎಲೆ ಚೂರು ಎಳೆದು ಮೇಲೆ ಹಾಕಿ, ಸುತ್ತ ಒಮ್ಮೆ ನಡೆದು ನೋಡಿ, ಎದ್ದಿತು. ಯಜಮಾನರ ಮೂಗಿನ ಮುಂದೆಯೇ ಏರಿ, ಕಿವಿಯ ಪಕ್ಕದಿಂದ ಹಾದು ಗೋಡೆಯಾಚೆ ಹೋಯಿತು. ಅವರು ಕೈ ಎತ್ತಲಿಲ್ಲ, ಮುಖ ತಿರುಗಿಸಲಿಲ್ಲ. ಬಿಲ ಎಲ್ಲಿತ್ತೆಂದು ನೆಲದಲ್ಲಿ ಹುಡುಕುತ್ತಿದ್ದರು. ನಾಲ್ಕು ಕಣ್ಣು ಸೇರಿಸಿದರೂ ಸಿಗುವಂತಿರಲಿಲ್ಲ.

"ಒಂದ," ಎಂದರು. "ಒಂದ ಹುಳಾ. ಮತ್ತ ಯಾವೂ ಬರಲಿಲ್ಲ."

"ಬರಲಿಲ್ಲ," ಎಂದೆ.

"ಕಾಕಾ, ಕಲ್ಲು ಮುಂದ ಗೇಟಿನ ಕಡೆ ಗಾಡಿ ನಿಲ್ಲೂ ಜಾಗಾಕ್ಕ ಹಾಕ್ರಿ. ಇಲ್ಲೆ ಗುದ್ದಲಿ ತರಬ್ಯಾಡ್ರಿ," ಎಂದರು ಯಜಮಾನರು, ತಾವೇ ಮೊದಲಿನಿಂದ ಹೀಗೆಂದುಕೊಂಡಿದ್ದವರಂತೆ. ಕಾಕಾ ನಗುತ್ತ ಗುದ್ದಲಿ ಎತ್ತಿಕೊಂಡು ಮುಂದಕ್ಕೆ ಹೋದರು. ನನ್ನ ಮೈಯೊಳಗೆ ಜೋಕಾಲಿ ಜೀಕಿದಷ್ಟು ಸಂಭ್ರಮ. ಗೆದ್ದಿದ್ದೆ. ಯಾರ ಮುಲಾಜಿನಿಂದಲೂ ಅಲ್ಲ; ಅವರ ಕಣ್ಣಿಗೆ ಕಾಣುವಂತೆ, ಕರಾರಿನ ಪ್ರಕಾರ, ಪೂರ್ತಿ ಗೆದ್ದಿದ್ದೆ. ಮಣ್ಣು ನನ್ನದಾಗಿ ಉಳಿದಿತ್ತು.

ನಾನು ಮೆಟ್ಟಿಲ ಹತ್ತಿರ ಬಂದು ತಿರುಗಿ ನೋಡಿದೆ. ಯಜಮಾನರು ಇನ್ನೂ ಅಲ್ಲೇ ನಿಂತಿದ್ದರು, ಒಂದು ಕಾಲು ಎತ್ತಿಕೊಂಡು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಎತ್ತಿದ ಕಾಲನ್ನು ಇಳಿಸಲಿಲ್ಲ.

"ಏ," ಎಂದು ಕರೆದರು, ದನಿ ತಗ್ಗಿಸಿ. "ಎಲ್ಲಿ ಕಾಲಿಡ್ಲಿ ಹೇಳು. ಯಾವದರ ಮನಿ ಮ್ಯಾಲರ ಇಟ್ಟೇನು."

ನನ್ನ ಹಿತ್ತಲಲ್ಲಿ ಎಲ್ಲಿ ಕಾಲಿಡಬೇಕೆಂದು ಅವರು ನನ್ನನ್ನು ಕೇಳಿದ್ದು ಅದೇ ಮೊದಲು. ನಾನು ತಕ್ಷಣ ಹೇಳಲಿಲ್ಲ. ಮೆಟ್ಟಿಲ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಅವರು ಹಾಗೆ ಒಂಟಿ ಕಾಲಲ್ಲಿ ನಿಂತದ್ದನ್ನು ಕಣ್ತುಂಬ ನೋಡಿ, ಆಮೇಲೆ ಎದ್ದು ಹೋಗಿ ಕೈ ಹಿಡಿದು ದಾರಿ ತೋರಿಸಿದೆ.